ನಡೆಯಲು ಆಗುವಂಥ ರಸ್ತೆ ಬೇಕು, ಮೊದಲು ಏನು ಕೇಳಬೇಕು?

ಪ್ರಶ್ನೆ: ಸಂಜೆನಡಿಗೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ನಗರದ ನಡುಭಾಗದಲ್ಲಿ. ಆಫೀಸು, ಶಾಲೆ, ಆಸ್ಪತ್ರೆ, ರೈಲು ನಿಲ್ದಾಣ ಯಾವುದೂ ಒಂದು ಕಿಲೋಮೀಟರ್‌ಗಿಂತ ದೂರ ಇಲ್ಲ. ಆದರೂ ಎಲ್ಲರೂ ಗಾಡಿ ತೆಗೆಯುತ್ತಾರೆ. ನಾನೂ ತೆಗೆಯುತ್ತಿದ್ದೆ.

ಹೋದ ತಿಂಗಳು ಅಮ್ಮನನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದೆ. ಅವರಿಗೆ ಮಂಡಿನೋವು, ಆದಷ್ಟು ನಡೆಯಿರಿ ಅಂತ ಡಾಕ್ಟರೇ ಹೇಳಿದ್ದರು. ಫುಟ್‌ಪಾತ್ ಇದೆ, ಅಗಲವಾಗಿಯೂ ಇದೆ. ಆದರೆ ಪ್ರತಿ ಗೇಟಿನ ಮುಂದೆ ಕೆಳಗಿಳಿದು ಮತ್ತೆ ಮೇಲೆ ಹತ್ತಬೇಕು. ನಾನು ಎಣಿಸಿದೆ, ಹೋಗುವಾಗ ಹನ್ನೊಂದು ಸಲ. ಎಂಟನೇ ಗೇಟಿನ ಹತ್ತಿರ ಅಮ್ಮ ಮಾತಾಡದೆ ರಸ್ತೆಗೇ ಇಳಿದು ಅಂಚಿನಲ್ಲಿ ನಡೆಯತೊಡಗಿದರು. ದೊಡ್ಡ ಸಿಗ್ನಲ್‌ನಲ್ಲಿ ನಾವು ರಸ್ತೆಯ ನಡುವಿಗೆ ಬರುವಷ್ಟರಲ್ಲಿ ಹಸಿರು ಹೋಯಿತು. ಆಗ ಅವರು ನನ್ನ ಮಣಿಕಟ್ಟು ಹಿಡಿದ ಹಿಡಿತ ಇನ್ನೂ ನೆನಪಿದೆ.

ಈಗ ಈ ಭಾಗದ ಓಡಾಟ ಸುಧಾರಿಸುವ ಯೋಜನೆ ಬರುತ್ತದಂತೆ, ನಿವಾಸಿಗಳ ಅಭಿಪ್ರಾಯ ಕೇಳಿದ್ದಾರೆ. ಸಭೆಯಲ್ಲಿ ಒಬ್ಬರು ಸ್ಕೈವಾಕ್ ಬೇಕು ಅಂದರು. ಇನ್ನೊಬ್ಬರು ರಸ್ತೆ ಅಗಲ ಮಾಡಿ ಅಂದರು. ಕಾರುಗಳನ್ನೇ ಬಿಡಬೇಡಿ ಅಂದವರೂ ಇದ್ದಾರೆ. ಎಲ್ಲವನ್ನೂ ಕೇಳಿದರೆ ಒಂದೂ ಆಗುವುದಿಲ್ಲ ಅನ್ನುವುದು ಗೊತ್ತು. ತಿಳಿದವರು ಹೇಳಿ, ಯಾವುದನ್ನು ಮೊದಲು ಹಿಡಿಯಬೇಕು?

ಉತ್ತರ: ಅಳತೆಪಟ್ಟಿ

ನಾನು ರಸ್ತೆ ವಿನ್ಯಾಸದ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ, ಆ ಹನ್ನೊಂದು ಗೇಟು ಮತ್ತು ಆ ಒಂದು ಸಿಗ್ನಲ್. ಒಂದು ಕಿಲೋಮೀಟರ್ ಫುಟ್‌ಪಾತ್ ಚೆನ್ನಾಗಿದ್ದು ಹತ್ತು ಮೀಟರ್ ಕೆಟ್ಟಿದ್ದರೆ ಮಂಡಿನೋವಿನವರಿಗೆ ಆ ದಾರಿ ಇದ್ದೂ ಇಲ್ಲದ ಹಾಗೆ.

ಮೊದಲು ಸಿಗ್ನಲ್. ದಾಟುವ ಸಮಯ ಲೆಕ್ಕ ಹಾಕುವಾಗ ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಹಿಡಿಯುವುದು ವಾಡಿಕೆ. 18 ಮೀಟರ್ ರಸ್ತೆಗೆ 15 ಸೆಕೆಂಡ್ ಆಯಿತು. ನಿಮ್ಮ ಅಮ್ಮ ಸೆಕೆಂಡಿಗೆ 0.8 ಮೀಟರ್ ನಡೆದರೆ ಅವರಿಗೆ 22 ಸೆಕೆಂಡಿಗೂ ಜಾಸ್ತಿ ಬೇಕು. ಇದಕ್ಕೆ ದಾರಿ ಮೂರಿವೆ. ಹಸಿರಿನ ಸಮಯ ಹೆಚ್ಚಿಸಬಹುದು, ಇದಕ್ಕೆ ಒಂದು ಇಟ್ಟಿಗೆಯೂ ಬೇಡ. ರಸ್ತೆಯ ನಡುವೆ ನಿಂತು ಉಸಿರಾಡಲು ಗಟ್ಟಿ ಜಾಗ ಮಾಡಬಹುದು, ಬರೀ ಬಿಳಿ ಪಟ್ಟೆ ಎಳೆದರೆ ಸಾಲದು. ಇಲ್ಲವೇ ಮೂಲೆಯಲ್ಲಿ ಫುಟ್‌ಪಾತನ್ನು ರಸ್ತೆಯೊಳಕ್ಕೆ ಚಾಚಬಹುದು. ಮೂಲೆಯ ಹತ್ತಿರ ಕಾರು ನಿಲ್ಲಿಸುವ ಜಾಗವನ್ನು ಎರಡೂ ಕಡೆ ಎರಡೆರಡು ಮೀಟರ್ ಹಿಂದಕ್ಕೆ ಪಡೆದರೆ 18 ಮೀಟರ್ ದಾಟುವುದು 14 ಆಗುತ್ತದೆ. ಮೂಲೆಯ ತಿರುವು ಬಿಗಿಯಾದಷ್ಟೂ ತಿರುಗುವ ಗಾಡಿ ನಿಧಾನ ಆಗುತ್ತದೆ, ಅದೂ ಮುಖ್ಯ.

ಗೇಟಿನ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಿ. ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ಗೇಟಿಗೆ ಹೋಗುವ ಗಾಡಿ ಚಿಕ್ಕ ಇಳಿಜಾರಿನಲ್ಲಿ ಹತ್ತಿ ದಾಟಿಕೊಳ್ಳಲಿ. ಇಂಜಿನ್ ಇರುವುದು ಗಾಡಿಗೆ, ಹತ್ತುವ ಕಷ್ಟ ಅದಕ್ಕಿರಲಿ. ಹಾಗೇ, ಬರೀ ಅಗಲ ಅಂತ ಕೇಳಬೇಡಿ, 'ಅಡ್ಡಿಯಿಲ್ಲದ ಅಗಲ' ಅಂತ ಬರೆಸಿ. ಎರಡು ಗಾಲಿಕುರ್ಚಿಗಳು ಎದುರುಬದುರು ಹೋಗಲು ಸುಮಾರು 1.8 ಮೀಟರ್ ಬೇಕು. ಮೂರು ಮೀಟರ್ ಫುಟ್‌ಪಾತಿನ ನಡುವೆ ಕರೆಂಟಿನ ಪೆಟ್ಟಿಗೆ ಇಟ್ಟರೆ ಉಳಿಯುವುದು ಅದಕ್ಕಿಂತ ಕಮ್ಮಿ.

ಸ್ಕೈವಾಕ್ ದಯವಿಟ್ಟು ಬೇಡ. ಲಾರಿ, ಬಸ್ಸು ಕೆಳಗೆ ಹೋಗಬೇಕೆಂದರೆ ಅದು ಐದೂವರೆ ಮೀಟರ್‌ಗಿಂತ ಎತ್ತರದಲ್ಲಿರಬೇಕು, ಅಂದರೆ ಮೂವತ್ತೈದು ಮೆಟ್ಟಿಲಿಗೆ ಕಮ್ಮಿ ಇಲ್ಲ. ಲಿಫ್ಟ್ ಕೆಟ್ಟ ದಿನ ಅಮ್ಮ ಎಲ್ಲಿ ದಾಟುತ್ತಾರೆ?

ಉತ್ತರ: ಕಿಟಕಿಸೀಟು

ಮೇಲಿನವರು ಹೇಳಿದ್ದಕ್ಕೆ ಬಸ್ಸನ್ನು ಸೇರಿಸುತ್ತೇನೆ, ಯಾಕೆಂದರೆ ಬಸ್ ಹತ್ತುವವರು ಎಲ್ಲರೂ ಮೊದಲು ನಡೆಯುವವರೇ. ನಿಲ್ದಾಣಕ್ಕೆ 400 ಮೀಟರ್ ಅಂದರೆ ಸುಮಾರು ಐದು ನಿಮಿಷ, ಯೋಜನೆ ಮಾಡುವವರು ಸಾಮಾನ್ಯವಾಗಿ ಈ ಅಳತೆ ಹಿಡಿಯುತ್ತಾರೆ. ಆದರೆ ನಕ್ಷೆಯಲ್ಲಿ ನಿಲ್ದಾಣದ ಸುತ್ತ ವೃತ್ತ ಎಳೆದು 400 ಮೀಟರ್ ಅನ್ನುವುದೇ ಬೇರೆ, ಡಿವೈಡರಿನ ಬೇಲಿ ಸುತ್ತಿ ಬರುವ ದಾರಿಯೇ ಬೇರೆ. ಎಷ್ಟೋ ಕಡೆ ನಿಲ್ದಾಣ ಕಣ್ಣಿಗೆ ಕಾಣುತ್ತಿರುತ್ತದೆ, ದಾಟಲು ಜಾಗ ಇರುವುದಿಲ್ಲ. ಪ್ರತಿ ನಿಲ್ದಾಣದ ಪಕ್ಕದಲ್ಲೇ ಒಂದು ದಾಟುವ ಜಾಗ ಕೇಳಿ.

ಇನ್ನೊಂದು, ಹೊಸ ಬಸ್ ಮಾರ್ಗ ಕೇಳುವುದಕ್ಕಿಂತ ಇರುವ ಮಾರ್ಗದಲ್ಲಿ ಬಸ್ ಬೇಗ ಬೇಗ ಬರಲಿ ಅಂತ ಕೇಳಿ. ಅರ್ಧ ಗಂಟೆಗೊಂದು ಬಸ್ ಇದ್ದರೆ ಸರಾಸರಿ ಹದಿನೈದು ನಿಮಿಷ ಕಾಯಬೇಕು, ಹತ್ತು ನಿಮಿಷಕ್ಕೊಂದು ಇದ್ದರೆ ಐದೇ ನಿಮಿಷ. ಹತ್ತು ನಿಮಿಷಕ್ಕಿಂತ ಕಮ್ಮಿ ಆದರೆ ಜನ ವೇಳಾಪಟ್ಟಿ ನೋಡುವುದನ್ನೇ ಬಿಡುತ್ತಾರೆ, ಸುಮ್ನೆ ಹೋಗಿ ನಿಲ್ಲುತ್ತಾರೆ. ಜೊತೆಗೆ ನೆರಳು ಮತ್ತು ಕೂರಲು ಜಾಗ.

ಉತ್ತರ: ಶಟರ್ ತೆಗೆಯುವವನು

ಅದೇ ಥರದ ಬೀದಿಯಲ್ಲಿ ನನ್ನ ಅಂಗಡಿ ಇದೆ. ನಡೆಯುವವರ ಪರವಾಗಿಯೇ ಇದ್ದೇನೆ, ಆದರೆ ನನಗೆ ಭಯ ಇದೆ. ಮುಂದೆ ಕಾರು ನಿಲ್ಲದಿದ್ದರೆ ಗಿರಾಕಿ ಬರುತ್ತಾರಾ? ಸರಕು ಇಳಿಸುವುದು ಎಲ್ಲಿ? ಇದನ್ನು ಯಾರೂ ಸಭೆಯಲ್ಲಿ ಮಾತಾಡುವುದಿಲ್ಲ.

ಉತ್ತರ: ನಕ್ಷೆಪ್ರಿಯ

ನಿಮ್ಮ ಭಯಕ್ಕೆ ಅರ್ಥ ಇದೆ. ಕೋಪನ್‌ಹೇಗನ್‌ನಲ್ಲಿ ಸ್ಟ್ರೋಯೆಟ್ ಬೀದಿಯಿಂದ 1962ರಲ್ಲಿ ಕಾರುಗಳನ್ನು ಹೊರಗಿಟ್ಟಾಗ ಅಲ್ಲಿನ ವ್ಯಾಪಾರಿಗಳೂ ಇದನ್ನೇ ಹೇಳಿದ್ದರು. ಅದಕ್ಕೇ ಅದನ್ನು ಮೊದಲು ಪ್ರಯೋಗ ಅಂತಲೇ ಮಾಡಿದರು, ಜನ ತುಂಬಿದ್ದನ್ನು ನೋಡಿ 1964ರಲ್ಲಿ ಕಾಯಂ ಮಾಡಿದರು. ಸ್ಪೇನ್‌ನ ಪೊಂಟೆವೆದ್ರ ಚಿಕ್ಕ ಊರು, ಜನಸಂಖ್ಯೆ ಸುಮಾರು 80,000. 1999ರಿಂದ ಅಲ್ಲಿ ಹಳೇ ಭಾಗದೊಳಗೆ ಹಾದುಹೋಗುವ ಕಾರುಗಳನ್ನು ಬಿಡುವುದಿಲ್ಲ. ಆದರೆ ಸರಕಿನ ಗಾಡಿಗೆ, ಅಲ್ಲೇ ಮನೆ ಗ್ಯಾರೇಜ್ ಇರುವವರಿಗೆ ಅವಕಾಶ ಇದೆ. ಎಲ್ಲಿಂದ ಎಲ್ಲಿಗೆ ನಡೆದರೆ ಎಷ್ಟು ನಿಮಿಷ ಅಂತ ರೈಲು ನಕ್ಷೆಯ ಥರ ಒಂದು ನಕ್ಷೆಯನ್ನೂ ಮಾಡಿದ್ದಾರೆ, ಅದು ನನಗೆ ತುಂಬಾ ಇಷ್ಟ.

ನೀವು ಸಭೆಗೆ ಹೋಗಿ, ಸರಕು ಇಳಿಸಲು ಬೆಳಿಗ್ಗೆ ಇಂಥ ಹೊತ್ತು, ಇಂಥ ಜಾಗ ಅಂತ ಬರೆದುಕೊಡಿ. ಆಮೇಲೆ ಒಂದು ವಾರ ಗಿರಾಕಿಗಳನ್ನು ಹೇಗೆ ಬಂದಿರಿ ಅಂತ ಕೇಳಿ ಗುರುತು ಹಾಕಿಕೊಳ್ಳಿ. ಆ ಪಟ್ಟಿ ನಿಮ್ಮ ಕೈಯಲ್ಲಿರಲಿ.

ಮತ್ತೊಂದು, ವೇಗ. ಇದನ್ನು ಯಾರೂ ಹೇಳಲಿಲ್ಲ. 30 ಕಿ.ಮೀ. ವೇಗದ ಕಾರಿನ ಮುಂದೆ ಮಗು ಓಡಿಬಂದರೆ, ಚಾಲಕನಿಗೆ ಎಚ್ಚರ ಆಗಲು ಒಂದು ಸೆಕೆಂಡ್ ಹಿಡಿದರೂ, ರಸ್ತೆ ಒಣಗಿದ್ದರೆ ಸುಮಾರು 13 ಮೀಟರ್‌ನಲ್ಲಿ ಕಾರು ನಿಲ್ಲುತ್ತದೆ. 50ರಲ್ಲಿ ಬರುವ ಕಾರು ಆ 13 ಮೀಟರ್ ಮುಗಿದಾಗ ಇನ್ನೂ ಬ್ರೇಕ್ ಕೂಡ ಹಿಡಿದಿರುವುದಿಲ್ಲ. ಬರೀ ಫಲಕ ಹಾಕಿದರೆ ವೇಗ ಇಳಿಯುವುದಿಲ್ಲ. ಲೇನ್ ಕಿರಿದು ಮಾಡಬೇಕು, ದಾಟುವ ಜಾಗವನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಬೇಕು. ರಸ್ತೆ ಅಗಲ ಮಾಡಿ ಅನ್ನುವವರಿಗೆ ಇದನ್ನೇ ಹೇಳಿ. ಅಗಲ ಆದರೆ ವೇಗವೂ ಹೆಚ್ಚು, ದಾಟುವ ದೂರವೂ ಹೆಚ್ಚು.

ಸಂಜೆನಡಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೇಟುಗಳ ಮುಂದೆ ಒಂದೇ ಮಟ್ಟ, ಸಿಗ್ನಲ್ ಸಮಯ, ಬಸ್ ನಿಲ್ದಾಣದ ಪಕ್ಕ ದಾಟುವ ಜಾಗ, ಶಾಲೆಯ ಬೀದಿಯಲ್ಲಿ 30. ಈ ನಾಲ್ಕನ್ನು ಹಿಡಿಯುತ್ತೇನೆ. ಅಂಗಡಿಯವರ ಜೊತೆ ಮೊದಲೇ ಮಾತಾಡುತ್ತೇನೆ, ಅದು ನನಗೆ ಹೊಳೆದಿರಲಿಲ್ಲ. ಸಿಗ್ನಲ್ ಬಗ್ಗೆ ಹೇಳುವಾಗ ಅಧಿಕಾರಿಗಳಿಗೆ ಏನು ತೋರಿಸಲಿ?

ಅಳತೆಪಟ್ಟಿ

ಮನೆ ಮುಂದೆ ಸಮತಟ್ಟಾದ ಜಾಗದಲ್ಲಿ 10 ಮೀಟರ್ ಅಳೆದು ಸುಣ್ಣದಲ್ಲಿ ಗೆರೆ ಎಳೆಯಿರಿ. ಅಮ್ಮ ಅವರ ಪಾಡಿಗೆ ನಡೆಯಲಿ, ಮೊಬೈಲಿನಲ್ಲಿ ಸೆಕೆಂಡ್ ನೋಡಿ. ಅವರ ವಯಸ್ಸಿನ ಇನ್ನೂ ಐದಾರು ಜನರದ್ದು ನೋಡಿ. ಆಮೇಲೆ ಶಾಲೆ ಬಿಡುವ ಹೊತ್ತಿಗೆ ಸಿಗ್ನಲ್ ಹತ್ತಿರ ನಿಂತು, ಹಸಿರು ಎಷ್ಟು ಸೆಕೆಂಡ್ ಇರುತ್ತದೆ, ಎಷ್ಟು ಜನ ನಡುವಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ಒಂದು ಗಂಟೆ ಬರೆದುಕೊಳ್ಳಿ. ಅಷ್ಟು ಸಾಕು. ಸಭೆಗೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರೇ ಓದಿ ಹೇಳಲಿ.