ಪಿಐಆರ್ ಸೆನ್ಸರ್‌ನಲ್ಲಿ ಗಾಡಿ ಎಣಿಕೆ ತಪ್ಪುತ್ತಿದೆ

ಪ್ರಶ್ನೆ:
ಒಂದೇ ಲೇನಿನ ರಸ್ತೆ, ಅಗಲ 3.5 ಮೀಟರ್. ಇಎಸ್‌ಪಿ32 (ಮೈಕ್ರೋಕಂಟ್ರೋಲರ್ ಬೋರ್ಡ್)ಗೆ ಎಚ್‌ಸಿ-ಎಸ್‌ಆರ್501 ಅನ್ನೋ ಪಿಐಆರ್ (ಶಾಖದಿಂದ ಚಲನೆ ಗುರುತಿಸುವ) ಸೆನ್ಸರ್ ಜೋಡಿಸಿ ಗಾಡಿ ಎಣಿಸಬೇಕು. ಸಾಲಾಗಿ ಮೂರು ಬೈಕ್ ಹೋದರೆ ಒಂದೇ ಅನ್ನುತ್ತೆ. ಮಧ್ಯಾಹ್ನ ರಸ್ತೆ ಖಾಲಿ ಇದ್ದರೂ ಲೆಕ್ಕ ಏರುತ್ತೆ. ಕೋಡ್‌ನಲ್ಲೇ ಸರಿಮಾಡಬಹುದಾ?

ಉತ್ತರ 1:
ಆಗಲ್ಲ. ಸೆನ್ಸರ್‌ನ ಡಿಲೇ ಸ್ಕ್ರೂ ಪೂರ್ತಿ ಕಡಿಮೆ ಮಾಡಿದರೂ ಔಟ್‌ಪುಟ್ ಸುಮಾರು 3 ಸೆಕೆಂಡ್ ಹೈ (ಆನ್) ಇರುತ್ತೆ, ಆಮೇಲೆ ಇನ್ನೂ ಎರಡು-ಮೂರು ಸೆಕೆಂಡ್ ಕುರುಡು. ಅಷ್ಟರಲ್ಲಿ 30 ಕಿ.ಮೀ. ವೇಗದ ಬೈಕು 40 ಮೀಟರ್ ದಾಟಿರುತ್ತೆ. ಈ ಸೆನ್ಸರ್ ನೋಡೋದು ಶಾಖದ ಏರಿಳಿತವನ್ನ; ಕಾದ ಟಾರು, ಬಿಸಿಗಾಳಿಗೂ ಟ್ರಿಗರ್ ಆಗುತ್ತೆ. ಆರ್‌ಸಿಡಬ್ಲ್ಯೂಎಲ್-0516 (ರಾಡಾರ್ ಸೆನ್ಸರ್) ಕೂಡ ತರಬೇಡಿ, ಅದೂ ಎರಡು-ಮೂರು ಸೆಕೆಂಡ್ ಹೈ ಹಿಡಿಯುತ್ತೆ.

ಉತ್ತರ 2:
ಟಿಎಫ್-ಲೂನಾ ಹಾಕಿ, ಅದು ಬೆಳಕಿನ ಕಿರಣದಿಂದ ದೂರ ಅಳೆಯೋ ಸೆನ್ಸರ್. ಸೆಕೆಂಡಿಗೆ 100 ರೀಡಿಂಗ್, 115200 ಬಾಡ್ (ಡೇಟಾ ಕಳಿಸೋ ವೇಗ). 5 ವೋಲ್ಟ್ ಸಪ್ಲೈ ಕೊಡಿ, ಸಿಗ್ನಲ್ 3.3 ವೋಲ್ಟ್, ಹಾಗಾಗಿ ನೇರವಾಗಿ ಇಎಸ್‌ಪಿ32ರ ಪಿನ್ 16ಕ್ಕೆ. ಲೂನಾದ ಐದನೇ ಪಿನ್ ಖಾಲಿ ಬಿಡಿ, ಗ್ರೌಂಡ್ ಮಾಡಿದರೆ ಸೀರಿಯಲ್ ಬಿಟ್ಟು ಐ2ಸಿಗೆ (ಬೇರೆ ಬಗೆಯ ಡೇಟಾ ಸಂಪರ್ಕಕ್ಕೆ) ಹೋಗುತ್ತೆ. ನೆಲದಿಂದ 90 ಸೆಂ.ಮೀ. ಎತ್ತರದಲ್ಲಿ, ರಸ್ತೆಗೆ ಅಡ್ಡವಾಗಿ, ಎದುರಿನ ಗೋಡೆಗೆ ಗುರಿಯಿಡಿ. ಇನ್ನೂ ಕೆಳಗಿಟ್ಟರೆ ಲಾರಿಯ ಚಕ್ರಗಳ ನಡುವಿನ ಸಂದು ಕಾಣುತ್ತೆ.

ಕಪ್ಪು ಕಾರು ಬಂದಾಗ ಜಾಗ್ರತೆ. ಲೂನಾಗೆ 8 ಮೀಟರ್ ವ್ಯಾಪ್ತಿ ಅನ್ನೋದು ಬಿಳಿ ಮೇಲ್ಮೈಗೆ, ಶೇ. 10 ಪ್ರತಿಫಲನಕ್ಕೆ 2.5 ಮೀಟರ್ ಅಷ್ಟೇ. ಸಿಗ್ನಲ್ ಬಲ 100ಕ್ಕಿಂತ ಕಮ್ಮಿಯಾದರೆ ದೂರದ ಅಂಕಿ ನಂಬೋಹಾಗಿಲ್ಲ. ಅದಕ್ಕೇ ‘ಹತ್ತಿರ ಏನೋ ಬಂತು’ ಅಂತ ಹುಡುಕಬೇಡಿ, ‘ಗೋಡೆ ಕಾಣೆಯಾಯ್ತು’ ಅಂತ ಹುಡುಕಿ. ಸತತ 3 ರೀಡಿಂಗ್ ಗೋಡೆ ಕಾಣದಿದ್ದರೆ ಗಾಡಿ ಶುರು.

ಪ್ರಶ್ನೆ ಕೇಳಿದವರು:
ಹಾಕಿದೆ, ಬೈಕ್‌ಗಳು ಸರಿಯಾಗಿ ಸಿಗ್ತಿವೆ. ಆದ್ರೆ ಟ್ರ್ಯಾಕ್ಟರ್-ಟ್ರೈಲರ್ ಎರಡು ಗಾಡಿ ಆಗ್ತಿದೆ, ನಡೆದು ಹೋಗೋರೂ ಸೇರ್ತಾರೆ.

ಉತ್ತರ 3:
ಗೋಡೆ ಮತ್ತೆ ಕಂಡ ತಕ್ಷಣ ಗಾಡಿ ಮುಗಿಸಬೇಡಿ, 300 ಮಿಲಿಸೆಕೆಂಡ್ ಕಾಯಿರಿ. 20 ಕಿ.ಮೀ. ವೇಗಕ್ಕೆ ಅದು ಒಂದೂಮುಕ್ಕಾಲು ಮೀಟರ್‌ಗೆ ಹತ್ತಿರ, ಕೊಂಡಿಯ ಸಂದು ಮುಚ್ಚುತ್ತೆ. ಇನ್ನೂ ಹೆಚ್ಚಿಸಿದರೆ ಅಂಟಿಕೊಂಡು ಬರೋ ಬೈಕ್‌ಗಳು ಒಂದಾಗ್ತವೆ. ಕಾಯೋದು ಕೋಡ್‌ನ ಮಿಲ್ಲಿಸ್ (ಸಮಯ ಹೇಳೋ ಫಂಕ್ಷನ್) ನೋಡಿ, ಡಿಲೇ ಫಂಕ್ಷನ್‌ನಿಂದಲ್ಲ; ಅದು ಕೋಡನ್ನೇ ತಡೆದು ನಿಲ್ಲಿಸುತ್ತೆ.

ಜನರನ್ನ ಅವಧಿಯಿಂದ ಬೇರ್ಪಡಿಸೋಕಾಗಲ್ಲ: ನಡೆಯೋನು ಕಿರಣದಲ್ಲಿರೋದು ಸುಮಾರು 300 ಮಿ.ಸೆ., 30ರ ವೇಗದ ಬೈಕ್ 240. ಒಂದು ಮೀಟರ್ ಆಚೆ ಎರಡನೇ ಲೂನಾ ಇಡಿ. ಒಂದು ಕಿರಣದಿಂದ ಇನ್ನೊಂದಕ್ಕೆ ತಲುಪೋಕೆ ನಡೆಯೋನಿಗೆ ಮುಕ್ಕಾಲು ಸೆಕೆಂಡ್ ಬೇಕು, ಬೈಕಿಗೆ 0.12. ದಿಕ್ಕೂ ಗೊತ್ತಾಗುತ್ತೆ. ಎರಡನೇ ಲೂನಾವನ್ನ ಸೀರಿಯಲ್1ಗೆ (ಇಎಸ್‌ಪಿ32ರ ಇನ್ನೊಂದು ಸೀರಿಯಲ್ ಪೋರ್ಟ್‌ಗೆ) ಕೊಡುವಾಗ ಪಿನ್ 25, 26 ಅಂತ ನೀವೇ ಬರೀರಿ; ಹಳೇ ಕೋರ್‌ನಲ್ಲಿ (ಇಎಸ್‌ಪಿ32ರ ಆರ್ಡುಯಿನೋ ಸಾಫ್ಟ್‌ವೇರ್‌ನಲ್ಲಿ) ಡೀಫಾಲ್ಟ್ 9, 10, ಅವು ಫ್ಲಾಶ್‌ನವು (ಪ್ರೋಗ್ರಾಂ ಇರೋ ಮೆಮೊರಿಯವು), ಮುಟ್ಟಿದರೆ ಬೋರ್ಡ್ ಕ್ರ್ಯಾಶ್ ಆಗುತ್ತೆ.