ಪ್ರಶ್ನೋತ್ತರ: ತಂಡವಿಲ್ಲದ ಗಾಯಕರು ಪರಿಚಯ ಬೆಳೆಸುವುದು ಎಲ್ಲಿಂದ?

ಪ್ರಶ್ನೆ (ಹುಬ್ಬಳ್ಳಿಯ ಗಾಯಕಿ):
ನಮಸ್ಕಾರ ಸರ್. ಭಾವಗೀತೆ, ವಚನ, ದಾಸರ ಪದಗಳನ್ನು ಹಾಡುತ್ತೇನೆ. ಯಾವ ತಂಡಕ್ಕೂ ಸೇರಿದವಳಲ್ಲ, ಮನೆಯಲ್ಲಿ ಸಂಗೀತಗಾರರೂ ಇಲ್ಲ. ಎರಡು ವರ್ಷದ ಹಿಂದೆ ಶಾಲೆಯ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ನಿಂತೆ. ಕಳೆದ ಗಣೇಶೋತ್ಸವಕ್ಕೆ ನಲವತ್ತು ಸಂಘಟಕರಿಗೆ ವಾಟ್ಸಾಪ್‌ನಲ್ಲಿ ಹಾಡು ಕಳಿಸಿದೆ. ಇಬ್ಬರು ಕೈಮುಗಿದ ಚಿತ್ರ ಕಳಿಸಿದರು, ಅಷ್ಟೇ. ಪರಿಚಯ ಇದ್ದವರಿಗೇ ವೇದಿಕೆ ಎನ್ನುತ್ತಾರೆ. ಆ ಪರಿಚಯವನ್ನು ಎಲ್ಲಿಂದ ಶುರು ಮಾಡಲಿ?

ಉತ್ತರ (ತಬಲಾ ವಾದಕ, 26 ವರ್ಷಗಳ ಅನುಭವ):
ಪಕ್ಕವಾದ್ಯದವರಿಂದ ಶುರು ಮಾಡಿ. ಗಣೇಶ ಚೌತಿಯಿಂದ ನವರಾತ್ರಿಯವರೆಗೆ, ಆಮೇಲೆ ರಾಜ್ಯೋತ್ಸವದ ತಿಂಗಳಿಡೀ ನಾವು ಹತ್ತಾರು ಗಾಯಕರ ಜೊತೆ ಕೂರುತ್ತೇವೆ. ಒಬ್ಬರಿಗೆ ಗಂಟಲು ಕಟ್ಟಿದರೆ ಸಂಘಟಕರು ಮೊದಲು ಫೋನ್ ಮಾಡುವುದು ತಬಲಾದವರಿಗೋ ಹಾರ್ಮೋನಿಯಂನವರಿಗೋ. ‘ನಾಳೆಗೆ ಯಾರಾದರೂ ಸಿಗುತ್ತಾರೆಯೇ?’ ಎಂದು ಕೇಳಿದ ಆ ಗಳಿಗೆಯಲ್ಲಿ ಬಾಯಿಗೆ ಬರುವ ಹೆಸರು ನಿಮ್ಮದಾಗಬೇಕು.

ಒಮ್ಮೆ ಗದಗದ ಕಾರ್ಯಕ್ರಮಕ್ಕೆ ಒಬ್ಬ ಹೊಸ ಗಾಯಕಿ ಬಂದಿದ್ದರು. ಎರಡು ದಿನ ಮೊದಲೇ ತಮ್ಮ ನೋಟ್‌ಬುಕ್ಕಿನ ಪುಟಗಳ ಫೋಟೊ ಕಳಿಸಿದ್ದರು. ಒಂದೊಂದು ಹಾಡಿಗೆ ಒಂದೊಂದು ಪುಟ. ಮೇಲೆ ‘ಕರಿ ನಾಲ್ಕು, ದಾದ್ರಾ’ ಎಂದು ಶ್ರುತಿ, ತಾಳ, ಪಲ್ಲವಿ ಎಷ್ಟು ಸಲ, ಎಲ್ಲಿ ನಿಲ್ಲಿಸುವುದು ಎಲ್ಲವೂ ಕೆಂಪು ಶಾಯಿಯಲ್ಲಿ. ಕಾರ್ಯಕ್ರಮ ಮುಗಿದು ನಾನಿನ್ನೂ ತಬಲಾಕ್ಕೆ ಗವಸು ಹಾಕುತ್ತಿದ್ದೆ, ಪರದೆಯ ಹಿಂದೆ ಬಂದು ನಮ್ಮ ಮೂವರ ಕೈಗೂ ಲಕೋಟೆ ಕೊಟ್ಟರು. ಸಂಘಟಕರಿಂದ ಅವರಿಗೆ ಇನ್ನೂ ಹಣ ಬಂದಿರಲಿಲ್ಲ. ‘ನನ್ನದು ತಡವಾಗಲಿ, ನಿಮ್ಮದು ಆಗಬಾರದು’ ಎಂದರು. ಅಂದಿನಿಂದ ಹೋದಲ್ಲೆಲ್ಲ ನಾನು ಅವರ ಹೆಸರು ಹೇಳುತ್ತಾ ಬಂದಿದ್ದೇನೆ, ಯಾರೂ ಹೇಳೆಂದು ಹೇಳಿದ್ದಲ್ಲ. ಏಳು ತಿಂಗಳು ಸಂಭಾವನೆಗೆ ಅಲೆದಾಡಿಸಿದ ಗಾಯಕರೂ ನನಗೆ ಗೊತ್ತು. ಅವರ ಹೆಸರು ನನ್ನ ಬಾಯಿಗೆ ಬರುವುದಿಲ್ಲ.

ಇನ್ನು ಸಂಘಟಕರ ವಿಷಯ. ಚೌತಿ ಹತ್ತಿರ ಬಂದಾಗ ಅವರ ಮೊಬೈಲ್ ತುಂಬ ಹಾಡುಗಳೇ ಇರುತ್ತವೆ. ಆಷಾಢದಲ್ಲಿ ಹೋಗಿ. ಶುಭಕಾರ್ಯಗಳಿಲ್ಲದ ತಿಂಗಳು, ಸಮಿತಿಯವರು ಬಿಡುವಾಗಿ ಕೂತು ಮಾತಾಡುತ್ತಾರೆ. ನಲವತ್ತು ಜನರ ಬದಲು ಐದು ಜನರನ್ನು ಖುದ್ದಾಗಿ ಕಾಣಿ. ಹಾಡು ಕೇಳಿಸುವುದಾದರೆ ತಂಬೂರಿ, ತಬಲಾ ಮಾತ್ರ ಇರುವ ಧ್ವನಿಮುದ್ರಣ ಸಾಕು. ಪ್ರತಿಧ್ವನಿ ತುಂಬಿ ಮೆರುಗು ಕೊಟ್ಟದ್ದನ್ನು ಕೇಳಿದರೆ ನಿಮ್ಮ ನಿಜವಾದ ಕಂಠ ಯಾವುದೆಂದು ಅವರಿಗೆ ತಿಳಿಯುವುದೇ ಇಲ್ಲ. ಬೇರೆಯವರ ಕಛೇರಿಗಳಿಗೂ ಹೋಗಿ, ಕೊನೆಯ ಹಾಡಿನವರೆಗೆ ಕೂತು ಕೇಳಿ. ಮೈಕ್‌ನವರನ್ನು ಮಾತಾಡಿಸಲು ಮರೆಯಬೇಡಿ, ಊರಿನ ಎಲ್ಲ ವೇದಿಕೆಗಳೂ ಅವರಿಗೆ ಗೊತ್ತು.

ಧಾರವಾಡ ಆಕಾಶವಾಣಿ ನಿಮ್ಮ ಪಕ್ಕದಲ್ಲೇ ಇದೆ. ಸುಗಮ ಸಂಗೀತದ ಧ್ವನಿಪರೀಕ್ಷೆಗೆ ಅರ್ಜಿ ಕರೆದಾಗ ಹಾಕಿ. ಆರಂಭದ ‘ಬಿ’ ಶ್ರೇಣಿ ಸಿಕ್ಕರೂ ಸಂಘಟಕರು ನಿಮ್ಮನ್ನು ನೋಡುವ ರೀತಿ ಬದಲಾಗುತ್ತದೆ.

ಪ್ರಶ್ನೆ (ಬೆಂಗಳೂರಿನ ಯುವ ಸಂಯೋಜಕ):
ಸರ್, ಕವಿತೆಗಳಿಗೆ ನಾನೇ ರಾಗ ಹಾಕಿ ಯೂಟ್ಯೂಬ್‌ನಲ್ಲಿ ಬಿಡುತ್ತೇನೆ. ಕವಿಗಳ ಅನುಮತಿ ಬೇಕೇ?

ಉತ್ತರ:
ಬೇಕೇ ಬೇಕು. ಕವಿ ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಎಂದರೆ 2041 ಮುಗಿಯುವವರೆಗೆ. ವಚನ, ದಾಸರ ಪದ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯಕ್ಕೆ ಈ ತೊಡಕಿಲ್ಲ. ಆದರೆ ಅವಕ್ಕೆ ಈಚಿನವರು ಹಾಕಿದ ಧಾಟಿ ಆ ಸಂಯೋಜಕರದೇ.

ಇದನ್ನು ತಲೆನೋವೆಂದು ನೋಡಬೇಡಿ. ಕವಿ ಬದುಕಿದ್ದರೆ ಪತ್ರ ಬರೆದು, ಮನೆಗೆ ಹೋಗಿ, ಅವರೆದುರು ಹಾಡಿ ಅನುಮತಿ ಕೇಳಿ. ಒಂದು ಅಕ್ಷರ ತಪ್ಪಿದ್ದರೂ ಅಲ್ಲೇ ತಿದ್ದುತ್ತಾರೆ. ತಮ್ಮ ಕವಿತೆಯನ್ನು ಇಷ್ಟು ಗೌರವದಿಂದ ಹಾಡಿದವರನ್ನು ಮುಂದಿನ ಪುಸ್ತಕ ಬಿಡುಗಡೆಗೆ ಕರೆಯದೆ ಇರುತ್ತಾರೆಯೇ? ನನಗೆ ತಿಳಿದ ಮೂವರು ಗಾಯಕರಿಗೆ ಸಾಹಿತ್ಯ ವಲಯದ ಬಾಗಿಲು ತೆರೆದದ್ದು ಹೀಗೆಯೇ. ಅನುಮತಿ ಬರಹದಲ್ಲಿರಲಿ.

ಪ್ರಶ್ನೆ (ಹುಬ್ಬಳ್ಳಿಯ ಗಾಯಕಿ):
ಧನ್ಯವಾದ ಸರ್. ಒಂದೇ ಸಂಕೋಚ. ಅದೇ ದಿನ ಲಕೋಟೆ ಕೊಡುವಷ್ಟು ಹಣ ನನ್ನ ಕೈಯಲ್ಲಿ ಇರುವುದಿಲ್ಲ.

ಉತ್ತರ:
ಇಷ್ಟೇ ಕೊಡಬಲ್ಲೆ ಎಂದು ಮೊದಲೇ ಹೇಳಿಬಿಡಿ. ಒಪ್ಪುವವರು ಒಪ್ಪುತ್ತಾರೆ, ಆಗದವರು ಮರ್ಯಾದೆಯಿಂದ ಇಲ್ಲ ಎನ್ನುತ್ತಾರೆ. ‘ಆಮೇಲೆ ನೋಡೋಣ’ ಎನ್ನುವ ಮಾತು ಮಾತ್ರ ಬೇಡ. ದೊಡ್ಡ ವೇದಿಕೆಗೆ ಕಾಯದೆ ಯಾರದಾದರೂ ಮನೆಯ ಪಡಸಾಲೆಯಲ್ಲಿ ಮೂವತ್ತು ಜನರಿಗೆ ಒಂದು ಬೈಠಕ್ ಇಟ್ಟುಕೊಳ್ಳಿ. ಮೈಕ್ ಬೇಡ, ಹಾರ್ಮೋನಿಯಂ, ತಬಲಾ ಸಾಕು. ನೀವು ಕಾಣಬೇಕೆಂದಿರುವ ಐದು ಸಂಘಟಕರನ್ನೂ ಕರೆಯಿರಿ. ಈ ಆಷಾಢದಲ್ಲಿ ಆದರೆ ನಾನೇ ಬಂದು ನುಡಿಸುತ್ತೇನೆ, ಬಸ್ಸಿನ ಖರ್ಚು ಕೊಟ್ಟರೆ ಸಾಕು. ನಿಮ್ಮ ಶ್ರುತಿ ಕರಿ ನಾಲ್ಕೋ ಐದೋ ಮೊದಲೇ ತಿಳಿಸಿ, ಅದಕ್ಕೆ ತಕ್ಕ ತಬಲಾ ತರಬೇಕು.