ಹಳೇ ಲೋಗೋದಲ್ಲಿ ಏನು ಉಳಿಸಬೇಕು, ಏನು ಬಿಡಬೇಕು?

ಬೀಜಪುಡಿ:
ಕಾಫಿಪುಡಿ ಸಂಸ್ಥೆಯೊಂದರ ಲೋಗೋ ಬದಲಿಸುವ ಕೆಲಸ ಇದೆ. ಈಗಿರೋದು ಕೈಯಲ್ಲಿ ಬರೆದ ಕನ್ನಡ ಹೆಸರು, ಸುತ್ತ ಎಲೆಬಳ್ಳಿ, ಒಟ್ಟು ಐದು ಬಣ್ಣ. ಅರ್ಧ ಕೆಜಿ ಪ್ಯಾಕೆಟ್ ಮೇಲೆ ಚೆನ್ನಾಗೇ ಕಾಣುತ್ತೆ, ಮೊಬೈಲ್ ತೆರೆಯಲ್ಲಿ ಮಾತ್ರ ಬರೀ ಕಂದು ಕಲೆ. ಮಾಲೀಕರಿಗೆ ಎಲ್ಲವೂ ಹೊಸದಾಗಿರಬೇಕು ಅಂತ ಆಸೆ. ದೊಡ್ಡ ಕಂಪನಿಗಳು ಇದನ್ನು ಒಂದೇ ಸಲಕ್ಕೆ ಮಾಡ್ತವಾ, ಹಂತಹಂತವಾಗಿ ಮಾಡ್ತವಾ? ನೋಂದಣಿ ಆಗಿರೋ ಟ್ರೇಡ್‌ಮಾರ್ಕ್ ಕಥೆ ಏನು?

ನಕ್ಷೆಗಾರ:
ಶೆಲ್ ಪೆಟ್ರೋಲ್ ಕಂಪನಿಯ ಚಿಪ್ಪಿನ ಲೋಗೋಗಳನ್ನು ಸಾಲಾಗಿ ಇಟ್ಟು ಮಾಲೀಕರಿಗೆ ತೋರಿಸಿ. 1901ರಲ್ಲಿ ಅದು ಬೇರೆಯೇ ಜಾತಿಯ ಕಪ್ಪೆಚಿಪ್ಪು. 1904ಕ್ಕೆ ಬೀಸಣಿಗೆಯಂಥ ಗೀರುಗಳ ಚಿಪ್ಪು ಬಂತು. ಕೆಂಪು-ಹಳದಿ ಸೇರಿದ್ದು ಕ್ಯಾಲಿಫೋರ್ನಿಯಾದಲ್ಲಿ ಬಂಕ್‌ಗಳು ಶುರುವಾದಾಗ. ನಡುವೆ ಎಷ್ಟೋ ವರ್ಷ ಚಿಪ್ಪಿನ ಮೈಮೇಲೇ ಹೆಸರಿತ್ತು. 1971ರಲ್ಲಿ ವಿನ್ಯಾಸಕ ರೇಮಂಡ್ ಲೋವಿ ನೆರಳು-ಬೆಳಕು ಎಲ್ಲ ತೆಗೆದು ಚಿಪ್ಪನ್ನು ಚಪ್ಪಟೆ ಮಾಡಿ, ಹೆಸರನ್ನು ಕೆಳಗಿಳಿಸಿದ. ಈಗ ಎಷ್ಟೋ ಕಡೆ ಹೆಸರೇ ಇರಲ್ಲ. ಪ್ರತಿ ಸಲ ಒಂದೋ ಎರಡೋ ಅಂಶ ಬದಲಾಯಿತು, 1904ರಿಂದೀಚೆಗೆ ಬೀಸಣಿಗೆಯ ಆಕಾರ ಮಾತ್ರ ಅಲ್ಲಾಡಲಿಲ್ಲ. ಮಾಸ್ಟರ್‌ಕಾರ್ಡ್‌ನದೂ ಇದೇ ದಾರಿ: 2016ರಲ್ಲಿ ಹೆಸರು ವೃತ್ತಗಳಿಂದ ಹೊರಗೆ ಬಂತು, 2019ರಲ್ಲಿ ಹೆಸರನ್ನೇ ಬಿಟ್ಟರು.

ಒಂದೇ ಸಲಕ್ಕೆ ಎಲ್ಲ ಬದಲಿಸಿ ಪೆಟ್ಟು ತಿಂದದ್ದು ಟ್ರೋಪಿಕಾನಾ. 2009ರ ಜನವರಿಯಲ್ಲಿ ಅಮೆರಿಕದಲ್ಲಿ ಸ್ಟ್ರಾ ಚುಚ್ಚಿದ ಕಿತ್ತಳೆ ಹೋಗಿ ಜ್ಯೂಸ್ ಲೋಟದ ಚಿತ್ರ ಬಂತು, ಅಕ್ಷರದ ಶೈಲಿ ಬದಲಾಯಿತು, ಅಡ್ಡ ಇದ್ದ ಹೆಸರು ಉದ್ದಕ್ಕೆ ನಿಂತಿತು. ಎರಡು ತಿಂಗಳೊಳಗೆ ಮಾರಾಟ ಸುಮಾರು 20% ಇಳಿದು, ಫೆಬ್ರುವರಿಯಲ್ಲೇ ಹಳೇ ಪ್ಯಾಕಿಗೆ ವಾಪಸಾಗುವುದಾಗಿ ಹೇಳಬೇಕಾಯಿತು. ಹೊಸ ವಿನ್ಯಾಸ ಅಷ್ಟೇನೂ ಕೆಟ್ಟದಾಗಿರಲಿಲ್ಲ. ಅಂಗಡಿಯ ಸಾಲಿನಲ್ಲಿ ಗಿರಾಕಿ ಹೆಸರು ಓದಿ ಎತ್ತಿಕೊಳ್ಳಲ್ಲ, ಬಣ್ಣ ಮತ್ತು ಆಕಾರ ನೋಡಿ ಕೈ ಹಾಕ್ತಾನೆ. ಆ ಎರಡೂ ಗುರುತು ಒಟ್ಟಿಗೇ ಮಾಯವಾದರೆ ಪಕ್ಕದ ಪ್ಯಾಕೆಟ್ ಎತ್ತಿಕೊಳ್ತಾನೆ.

ನಿಮ್ಮ ಮೊದಲ ಕೆಲಸ: ಹಳೇ ಗಿರಾಕಿಗಳು ಹತ್ತಿಪ್ಪತ್ತು ಜನರಿಗೆ ಖಾಲಿ ಹಾಳೆ ಕೊಟ್ಟು, ಪ್ಯಾಕೆಟ್ ನೋಡದೆ ಲೋಗೋ ಬರೆಯೋಕೆ ಹೇಳಿ. ಹೆಚ್ಚು ಜನ ಬರೆದದ್ದು ಉಳಿಯಲಿ. ಎಲೆಬಳ್ಳಿ ಯಾರ ಹಾಳೆಯಲ್ಲೂ ಇಲ್ಲದಿದ್ದರೆ ಯೋಚನೆ ಮಾಡದೆ ತೆಗೆಯಿರಿ.

ಅಚ್ಚುಮೊಳೆ:
ಬಣ್ಣದ ವಿಷಯಕ್ಕೆ ಬರ್ತೀನಿ. ಆಪಲ್‌ನ 1977ರ ಕಚ್ಚಿದ ಸೇಬಿಗೆ ಆರು ಪಟ್ಟೆ, ಆರು ಬಣ್ಣ. ಪಟ್ಟೆಗಳ ನಡುವೆ ಗೆರೆಯೂ ಇಲ್ಲದ್ದರಿಂದ ಅಚ್ಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಸರಿದರೂ ಕಾಣುತ್ತಿತ್ತು. ತೆರೆಯ ಮೇಲೆ ಬಣ್ಣ ತೋರಿಸುವ ಕಂಪ್ಯೂಟರ್ ಅಂತ ಸಾರೋದಕ್ಕೆ ಆಗ ಅದು ಬೇಕಿತ್ತು. 1998ರ ಹೊತ್ತಿಗೆ ಯಂತ್ರದ ಮೈಯೇ ಬಣ್ಣಬಣ್ಣದ್ದಾಯಿತು, ಸೇಬು ಒಂದೇ ಬಣ್ಣಕ್ಕೆ ಇಳಿಯಿತು.

ಕಾಫಿಪುಡಿ ಪೌಚ್ ಸಾಮಾನ್ಯವಾಗಿ ಗ್ರವ್ಯೂರ್‌ನಲ್ಲಿ ಅಚ್ಚಾಗುತ್ತೆ, ಅಂದರೆ ಚಿತ್ರ ಕೊರೆದ ಸಿಲಿಂಡರ್‌ನಿಂದ; ಬಣ್ಣಕ್ಕೊಂದು ಸಿಲಿಂಡರ್. ಲೋಗೋ ಎರಡೇ ಬಣ್ಣಕ್ಕೆ ಬಂದರೆ ಸಿಲಿಂಡರ್ ಖರ್ಚು ಉಳಿಯುತ್ತೆ. ಬೆಳ್ಳಿ ಹೊಳಪಿನ ಫಿಲ್ಮ್ ಆದರೆ ಕೆಳಗೆ ಬಿಳಿ ಬೇಕೇ ಬೇಕು, ಅದೂ ಒಂದು ಸಿಲಿಂಡರ್. ಬಿಳಿ ಹಾಕದಿದ್ದರೆ ಹಳದಿ ಚಿನ್ನದ ಹೊಳಪಿನಂತೆ ಕಾಣುತ್ತೆ.

ಕನ್ನಡ ಅಕ್ಷರಕ್ಕೆ ಬೇರೆ ಎಚ್ಚರ ಬೇಕು. ಇಂಗ್ಲಿಷ್ ಲೋಗೋದ ಚೌಕಟ್ಟಿಗೆ ಕನ್ನಡ ಹೆಸರು ತುರುಕಿದರೆ ಒತ್ತಕ್ಷರ ಅಂಚಿಗೆ ತಾಗುತ್ತೆ, ಎರಡನೇ ಸಾಲಿನ ಗುಡಿಸಿಗೂ ಹೊಡೆಯುತ್ತೆ. ಮೊದಲು ಒತ್ತಕ್ಷರ ಸಮೇತ ಹೆಸರು ಬರೆದು, ಆಮೇಲೆ ಚೌಕಟ್ಟು ಹಾಕಿ. ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ಶಾಯಿ ಹರಡಿ ಗೆರೆ ಸಣ್ಣಗಾಗುತ್ತೆ, ಹಾಗಾಗಿ ಅದಕ್ಕೆ ದಪ್ಪ ಗೆರೆಯ ಪ್ರತಿ ಬೇರೆ ಮಾಡಿಸಿ. ‘ಷ’, ‘ಣ’ಗಳ ಒಳಜಾಗ ಮುಚ್ಚಿಹೋಗೋದು 50 ಗ್ರಾಂ ಪ್ಯಾಕೆಟ್‌ನಲ್ಲೇ ಗೊತ್ತಾಗೋದು. ಪರೀಕ್ಷೆ ಅಲ್ಲಿಂದ ಶುರುಮಾಡಿ. ಬ್ರೌಸರ್ ಟ್ಯಾಬ್‌ನ 16 ಪಿಕ್ಸೆಲ್ ಚಿಹ್ನೆಗೆ ಪೂರ್ತಿ ಹೆಸರು ಹಿಡಿಸಲ್ಲ, ಮೊದಲ ಅಕ್ಷರವೊಂದೇ ಸಾಕು.

ದಫ್ತರ:
ಟ್ರೇಡ್‌ಮಾರ್ಕ್ ಬಗ್ಗೆ. ಗುರುತು ಮೂಲದಲ್ಲಿ ಹಾಗೇ ಉಳಿಯುವಂಥ ಸಣ್ಣ ಬದಲಾವಣೆಗೆ 1999ರ ಕಾಯ್ದೆಯ 59ನೇ ಕಲಂನಲ್ಲಿ ಅವಕಾಶ ಇದೆ. ಕೈಬರಹ ಪೂರ್ತಿ ಬದಲಾದರೆ ಹೊಸ ಅರ್ಜಿಯೇ ಬೇಕು. ನೋಂದಣಿಯ ಸರಕು ಪಟ್ಟಿಯಲ್ಲಿ ಕಾಫಿ 30ನೇ ವರ್ಗಕ್ಕೆ ಬರುತ್ತೆ. ಆನ್‌ಲೈನ್ ಶುಲ್ಕ ವರ್ಗಕ್ಕೆ 9,000 ರೂಪಾಯಿ, ಸಣ್ಣ ಉದ್ದಿಮೆ ಪ್ರಮಾಣಪತ್ರ ಇದ್ದರೆ 4,500. ಹೆಸರನ್ನು ಅಕ್ಷರರೂಪದಲ್ಲಿ ಬೇರೆಯಾಗಿಯೂ ನೋಂದಾಯಿಸಿ, ಆಗ ಮುಂದಿನ ಸಲ ಚಿತ್ರ ಬದಲಾದರೂ ಹೆಸರಿಗೆ ರಕ್ಷಣೆ ಇರುತ್ತೆ. ಬಣ್ಣದ ಮಿತಿ ಹಾಕದೆ ಕಪ್ಪು-ಬಿಳುಪಿನಲ್ಲಿ ಕೊಟ್ಟರೆ ಎಲ್ಲ ಬಣ್ಣಕ್ಕೂ ಅನ್ವಯ.

ಹೊಸದು ನೋಂದಣಿ ಆಗೋವರೆಗೆ ವೃತ್ತದೊಳಗಿನ ‘ಆರ್’ ಹಾಕಬೇಡಿ, ಅದು ಅಪರಾಧ. ‘ಟಿಎಂ’ ಹಾಕಬಹುದು. ಹಳೇದನ್ನು 10 ವರ್ಷಕ್ಕೊಮ್ಮೆ ನವೀಕರಿಸ್ತಾ ಇರಿ. ಆದರೆ ಐದು ವರ್ಷಕ್ಕೂ ಮೀರಿ ಬಳಸದೇ ಬಿಟ್ಟರೆ ಬೇರೆಯವರು ರದ್ದತಿಗೆ ಅರ್ಜಿ ಹಾಕಬಹುದು. ಯಾವುದಾದರೂ ಒಂದು ಪ್ಯಾಕಿನಲ್ಲಿ ಅದನ್ನು ಚಾಲ್ತಿಯಲ್ಲಿಡಿ.

ಬೀಜಪುಡಿ:
ತುಂಬಾ ಉಪಯೋಗ ಆಯ್ತು. ಹಳೇ ಪೌಚ್ ರೋಲ್‌ಗಳು ಗೋಡೌನ್‌ನಲ್ಲಿ ಬಿದ್ದಿವೆ, ಅಂಗಡಿ ಬೋರ್ಡ್‌ಗಳೂ ಇವೆ. ಯಾವುದು ಮೊದಲು?

ನಕ್ಷೆಗಾರ:
ಯಾವ ಗಾತ್ರದ ರೋಲ್ ಎಷ್ಟು ವಾರಕ್ಕೆ ಸಾಕು ಅಂತ ಎಣಿಸಿ. ಬೇಗ ಖಾಲಿಯಾಗೋದು ಮೊದಲು ಹೊಸ ಲೋಗೋಗೆ ಬರಲಿ. ಒಂದೇ ಅಂಗಡಿಯಲ್ಲಿ ಹಳೇದು-ಹೊಸದು ಅಕ್ಕಪಕ್ಕ ಕೂತರೆ ನಕಲಿ ಅಂತ ಅನುಮಾನ ಬರುತ್ತೆ. ಅದಕ್ಕೆ ಹೊಸ ಪ್ಯಾಕಿನ ಮೂಲೆಯಲ್ಲಿ ಹಳೇ ಲೋಗೋ ಸಣ್ಣದಾಗಿ ಹಾಕಿ ‘ಅದೇ ಪುಡಿ, ಹೊಸ ಪ್ಯಾಕ್’ ಅಂತ ಬರೆಸಿ. ಮೊದಲ ಆರ್ಡರ್‌ಗೆ ಮಾತ್ರ. ಅದನ್ನು ಸಿಲಿಂಡರ್‌ನಲ್ಲಿ ಕೊರೆಸಬೇಡಿ, ಸ್ಟಿಕರ್ ಸಾಕು.

ಬೋರ್ಡ್ ಕೊನೆಗೆ. ಕರ್ನಾಟಕದಲ್ಲಿ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ 60% ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಈಗಿನ ಬೋರ್ಡ್‌ಗಳಲ್ಲಿ ಆ ಅಳತೆ ಇಲ್ಲದಿದ್ದರೆ ಅವನ್ನು ಮಾತ್ರ ಮೊದಲಿಗೆ ತನ್ನಿ, ಎರಡು ಸಲ ಬರೆಸೋ ಖರ್ಚು ತಪ್ಪುತ್ತೆ.